ವಿಕಿಪೀಡಿಯದಲ್ಲಿ ನಮ್ಮ ಸಾಹಿತಿಗಳು: ಒರೆಗೆ ಹಚ್ಚುವ ಕೆಲಸ ನಿಮ್ಮದು

ಮುಂಬಯಿಯಲ್ಲೇ ಹುಟ್ಟಿ ಬೆಳೆದ ಯುವ ಮಿತ್ರರೇ, ಕನ್ನಡ ಸಾಹಿತಿಯೊಬ್ಬರ ಹೆಸರು ಕಿವಿಗೆ ಬಿದ್ದಾಗ ನೀವು ಮೊದಲು ಏನು ಮಾಡುತ್ತೀರಿ? ಮೊಬೈಲು ತೆಗೆದು ಆ ಹೆಸರನ್ನು ಹುಡುಕುತ್ತೀರಿ. ಬಹುಮಟ್ಟಿಗೆ ಮೊದಲು ಸಿಗುವುದು ವಿಕಿಪೀಡಿಯದ ಪುಟ. ಅಲ್ಲಿದ್ದದ್ದೇ ಶಾಲೆಯ ಪ್ರಾಜೆಕ್ಟಿಗೆ, ಸಂಘದ ಸಭೆಯ ಅತಿಥಿ ಪರಿಚಯಕ್ಕೆ, ಪತ್ರಿಕೆಯ ಶ್ರದ್ಧಾಂಜಲಿಗೆ ಹೋಗುತ್ತದೆ. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಇಂದಿನ ಯಂತ್ರಗಳೂ ಅದನ್ನು ಓದಿಯೇ ಕಲಿತಿವೆ. ಆದ್ದರಿಂದ ಅಲ್ಲಿ ಒಂದು ಇಸವಿ ತಪ್ಪಿದರೆ ಆ ತಪ್ಪು ಹತ್ತಾರು ಕಡೆ ಬೇರು ಬಿಡುತ್ತದೆ. ಒಬ್ಬ ಲೇಖಕರ ಬಗ್ಗೆ ಅಲ್ಲಿ ಎರಡೇ ಸಾಲು ಇದ್ದರೆ, ಮುಂದಿನ ಪೀಳಿಗೆಗೆ ಅವರು ಎರಡು ಸಾಲಿನವರಾಗಿಯೇ ಉಳಿಯುತ್ತಾರೆ.

ಕನ್ನಡಕ್ಕೆ ವಿಶ್ವಕೋಶ ಹೊಸದಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ದ ಮೊದಲ ಸಂಪುಟ 1969ರಲ್ಲಿ ಬಂತು; ಮುಂದೆ ಅದು 14 ಸಂಪುಟಗಳಾಗಿ ಬೆಳೆಯಿತು. ಅವುಗಳಿಗೆ ಸಂಪಾದಕರಿದ್ದರು, ಕರಡು ತಿದ್ದುವ ಪಂಡಿತರಿದ್ದರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಅಂಥ ಸಂಬಳದ ಸಂಪಾದಕ ಮಂಡಳಿಯಿಲ್ಲ. ಓದುವವರೇ ಬರೆಯಬೇಕು, ಓದುವವರೇ ತಿದ್ದಬೇಕು. ನೀವು ಕೈಯಿಡದಿದ್ದರೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ.

ಹಾಗಾದರೆ ಒಬ್ಬ ಲೇಖಕರ ಜೀವನಚರಿತ್ರೆಯನ್ನು ಪರಿಶೀಲಿಸುವುದು ಹೇಗೆ? ಉದಾಹರಣೆಗೆ ನಮ್ಮ ಊರಿನವರೇ ಆದ ಯಶವಂತ ಚಿತ್ತಾಲರನ್ನು ತೆಗೆದುಕೊಳ್ಳೋಣ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿ, ಮುಂಬಯಿಗೆ ಬಂದು, ರಸಾಯನ ತಂತ್ರಜ್ಞಾನ ಕಲಿತು, ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತ, ಬಾಂದ್ರಾದ ಕಡಲ ಬದಿಯ ಮನೆಯಲ್ಲಿ ಕುಳಿತು ಕತೆ ಕಾದಂಬರಿಗಳನ್ನು ಬರೆದವರು ಅವರು. 2014ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಹುಟ್ಟಿದ್ದು ಯಾವ ರಾಜ್ಯದಲ್ಲಿ?

ಮೊದಲ ಸಾಲಿನಲ್ಲೇ ಎಡವುವ ಸಂಭವವಿದೆ. '1928ರಲ್ಲಿ ಕರ್ನಾಟಕ ರಾಜ್ಯದಲ್ಲಿ ಜನಿಸಿದರು' ಎಂದು ಯಾರಾದರೂ ಬರೆದರೆ ನೀವು ನಿಂತು ಯೋಚಿಸಬೇಕು. ಆಗ ಆ ಹೆಸರಿನ ರಾಜ್ಯವೇ ಇರಲಿಲ್ಲ. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರಲ್ಲಿ. ಇನ್ನು ಮುಂಬಯಿಯ ಇನ್ನೊಬ್ಬ ಹಿರಿಯ ಕಾದಂಬರಿಕಾರ, ಉಡುಪಿಯವರಾದ ವ್ಯಾಸರಾಯ ಬಲ್ಲಾಳರು ಹುಟ್ಟಿದಾಗ ದಕ್ಷಿಣ ಕನ್ನಡವಿದ್ದದ್ದು ಮದರಾಸು ಪ್ರಾಂತ್ಯದಲ್ಲಿ. 'ಆಗಿನ ಮುಂಬಯಿ ಪ್ರಾಂತ್ಯದ, ಈಗಿನ ಕರ್ನಾಟಕದ' ಎಂದು ನಾಲ್ಕು ಪದ ಸೇರಿಸಿದರೆ ಸಾಲು ಸರಿಯಾಗುತ್ತದೆ. ಅಷ್ಟೇ ಅಲ್ಲ, ಕುಮಟೆ, ಕಾರವಾರಗಳ ಹುಡುಗರಿಗೆ ಓದಿಗೂ ಉದ್ಯೋಗಕ್ಕೂ ಮುಂಬಯಿಯೇ ಏಕೆ ಹತ್ತಿರವಾಗಿತ್ತು ಎಂಬುದಕ್ಕೆ ಒಂದು ಕಾರಣವೂ ಹೊಳೆಯುತ್ತದೆ: ಅದು ಅವರದೇ ಪ್ರಾಂತ್ಯದ ರಾಜಧಾನಿಯಾಗಿತ್ತು.

ಯಾವ ಪುಸ್ತಕಕ್ಕೆ ಯಾವ ಪ್ರಶಸ್ತಿ?

ಎರಡನೆಯದು ಪ್ರಶಸ್ತಿಯ ಸಾಲು. ಚಿತ್ತಾಲರ ಕೃತಿಗಳಲ್ಲಿ ಎಲ್ಲರ ಬಾಯಲ್ಲಿರುವುದು 1979ರ 'ಶಿಕಾರಿ'. ಆದ್ದರಿಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಅದಕ್ಕೇ ಬಂದಿರಬೇಕೆಂದು ಭಾವಿಸುವುದು ಸಹಜ. ಅದು ಸರಿಯಲ್ಲ. 1983ನೇ ಸಾಲಿನ ಪ್ರಶಸ್ತಿ ಬಂದದ್ದು 'ಕಥೆಯಾದಳು ಹುಡುಗಿ' ಎಂಬ ಕಥಾಸಂಕಲನಕ್ಕೆ. ಬಲ್ಲಾಳರಿಗೆ 1986ರಲ್ಲಿ ಇದೇ ಪ್ರಶಸ್ತಿ ತಂದುಕೊಟ್ಟದ್ದು 'ಬಂಡಾಯ' ಕಾದಂಬರಿ. ಪುಸ್ತಕ ಪ್ರಕಟವಾದ ವರ್ಷ ಬೇರೆ, ಪ್ರಶಸ್ತಿಯ ಸಾಲು ಬೇರೆ, ಅದನ್ನು ಘೋಷಿಸಿದ ಅಥವಾ ಪ್ರದಾನ ಮಾಡಿದ ದಿನ ಬೇರೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' ಪಡೆದ ಡಿಎಸ್‌ಸಿ ಬಹುಮಾನ 2018ನೇ ಸಾಲಿನದು. ಅದನ್ನು ಘೋಷಿಸಿದ್ದು 2019ರ ಜನವರಿಯಲ್ಲಿ. ಅದರ ಗೌರವ ಅನುವಾದಕಿ ತೇಜಸ್ವಿನಿ ನಿರಂಜನ ಅವರಿಗೂ ಸಲ್ಲುತ್ತದೆ. ಎರಡು ಕಡೆ ಎರಡು ಇಸವಿ ಕಂಡ ಕೂಡಲೇ ಒಂದನ್ನು ಅಳಿಸಬೇಡಿ. ಯಾವುದು ಯಾವುದರ ಇಸವಿ ಎಂದು ಕೇಳಿರಿ.

ಹೆಸರಿನಲ್ಲೂ ಜಾಗ್ರತೆ ಬೇಕು. 'ಹರಿವ ನೀರಿದು' ಕವನಸಂಕಲನದ ಗಂಗಾಧರ ಚಿತ್ತಾಲರು ಯಶವಂತರ ಅಣ್ಣ. ಬರೀ 'ಚಿತ್ತಾಲ' ಎಂದು ಹುಡುಕಿದವನು ಅಣ್ಣನ ಕವಿತೆಯನ್ನು ತಮ್ಮನ ಲೆಕ್ಕಕ್ಕೆ ಸೇರಿಸಿಬಿಡಬಹುದು.

ಕಾದಂಬರಿ ಸಾಕ್ಷಿಯಲ್ಲ, ಹೊಗಳಿಕೆಯೂ ಅಲ್ಲ

'ಶಿಕಾರಿ'ಯ ನಾಗಪ್ಪ ಉತ್ತರ ಕನ್ನಡದಿಂದ ಬಂದವನು, ಮುಂಬಯಿಯ ಕಂಪನಿಯಲ್ಲಿ ದುಡಿಯುವವನು, ಅಲ್ಲಿಯ ಒಳಸಂಚಿಗೆ ಸಿಕ್ಕಿ ತತ್ತರಿಸುವವನು. ಲೇಖಕರೂ ಅಲ್ಲಿಂದಲೇ ಬಂದವರು, ಕಂಪನಿಯಲ್ಲಿ ದುಡಿದವರು. ಆದರೆ ನಾಗಪ್ಪನಿಗೆ ಆದದ್ದೆಲ್ಲ ಚಿತ್ತಾಲರಿಗೂ ಆಯಿತೆಂದು ಜೀವನಚರಿತ್ರೆಯಲ್ಲಿ ಬರೆಯುವಂತಿಲ್ಲ. ಲೇಖಕರೇ ಎಲ್ಲಾದರೂ ಹಾಗೆ ಹೇಳಿದ್ದರೆ, ಹೇಳಿದ ಜಾಗವನ್ನು ತೋರಿಸಿ ಅಷ್ಟನ್ನು ಮಾತ್ರ ಬರೆಯಬಹುದು. ಕಾದಂಬರಿಯಿಂದ ಬದುಕನ್ನು ಊಹಿಸುವುದು ವಿಮರ್ಶಕರಿಗೆ ಬಿಟ್ಟ ವಿಚಾರ. ವಿಶ್ವಕೋಶದ ಕೆಲಸ ಅದಲ್ಲ.

ಹಾಗೆಯೇ 'ಅಪ್ರತಿಮ', 'ಕನ್ನಡಾಂಬೆಯ ವರಪುತ್ರ', 'ಮೇರು ಪ್ರತಿಭೆ' ಮುಂತಾದ ಮಾತುಗಳು. ನಮ್ಮ ಸನ್ಮಾನ ಪತ್ರಗಳಲ್ಲಿ ಇವು ಶೋಭಿಸುತ್ತವೆ. ಶಾಲು ಹೊದಿಸಿ ಫಲಪುಷ್ಪ ಕೊಡುವಾಗ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಅದೇ ಸನ್ಮಾನ ಪತ್ರವನ್ನು ತಂದು ವಿಕಿಪೀಡಿಯಕ್ಕೆ ಅಂಟಿಸಿದರೆ ಬೇರೆ ಸಂಪಾದಕರು ಅದನ್ನು ತೆಗೆದುಹಾಕುತ್ತಾರೆ, ತೆಗೆಯಬೇಕಾದದ್ದೂ ಹೌದು. ಎಷ್ಟು ಪುಸ್ತಕ, ಯಾವ ವರ್ಷ, ಯಾರು ಪ್ರಕಟಿಸಿದರು, ಯಾವ ವಿಮರ್ಶಕರು ಏನೆಂದರು ಎಂಬುದನ್ನು ನೆಟ್ಟಗೆ ಬರೆದರೆ ಲೇಖಕರ ದೊಡ್ಡಸ್ತಿಕೆ ತಾನಾಗಿ ಕಾಣುತ್ತದೆ.

ಬದುಕಿರುವವರ ವಿಚಾರದಲ್ಲಿ ನಿಯಮ ಇನ್ನೂ ಬಿಗಿ. ಅವರ ಮಾನಕ್ಕೆ ಕುಂದು ತರುವ ಮಾತಿಗೆ ಆಧಾರವಿಲ್ಲದಿದ್ದರೆ ಕಾಯದೆ ಕೂಡಲೇ ತೆಗೆಯಬೇಕು. ಮನೆಯ ವಿಳಾಸ, ಕಾಯಿಲೆ, ಸಂಸಾರದ ಸುದ್ದಿಗೆ ಅಲ್ಲಿ ಜಾಗವಿಲ್ಲ. ಲೇಖಕರು ನಿಮ್ಮ ದೊಡ್ಡಪ್ಪನೋ ಅತ್ತೆಯೋ ಆಗಿದ್ದರೆ ಪುಟಕ್ಕೆ ನೀವೇ ಕೈಹಾಕಬೇಡಿ. ಸಂಬಂಧವನ್ನು ತಿಳಿಸಿ, ಬೇಕಾದ ಬದಲಾವಣೆಯನ್ನು ಚರ್ಚಾಪುಟದಲ್ಲಿ ಸೂಚಿಸಿ. ಪ್ರತಿ ಲೇಖನಕ್ಕೂ ಅಂಥದೊಂದು ಪುಟವಿದೆ. ಯಾರು ಯಾವಾಗ ಏನು ಬದಲಿಸಿದರೆಂಬುದನ್ನು ತೋರಿಸುವ ಇತಿಹಾಸವೂ ಇದೆ. ಹಳೆಯ ರೂಪವನ್ನು ಮರಳಿ ತರಬಹುದಾದ್ದರಿಂದ ಹೊಸಬರು ಅಂಜಬೇಕಾಗಿಲ್ಲ. ಪುಸ್ತಕದ ಬೆನ್ನುಡಿಯನ್ನಾಗಲಿ ಪತ್ರಿಕೆಯ ಲೇಖನವನ್ನಾಗಲಿ ಇದ್ದಂತೆ ಇಳಿಸುವುದು ಮಾತ್ರ ಕೂಡದು. ಓದಿ, ನಿಮ್ಮ ಮಾತಿನಲ್ಲಿ ಬರೆಯಿರಿ. ಕನ್ನಡ ಬರೆಯಲು ತಡವರಿಸುವವರು ಸಣ್ಣ ವಾಕ್ಯ ಬರೆದರೆ ಸಾಕು. ವಿಶ್ವಕೋಶಕ್ಕೆ ಅದೇ ಒಳ್ಳೆಯದು.

ಸಾಕ್ಷಿ ಇರುವುದು ನಿಮ್ಮ ಮನೆಯಲ್ಲಿ

ಇಲ್ಲಿಯವರೆಗೆ ಹೇಳಿದ್ದನ್ನು ಬೆಂಗಳೂರಿನಲ್ಲಿದ್ದವರೂ ಮಾಡಬಹುದು. ಮುಂಬಯಿಯವರು ಮಾತ್ರ ಮಾಡಬಹುದಾದ ಕೆಲಸ ಮುಂದಿದೆ. ಚಿತ್ತಾಲ, ಬಲ್ಲಾಳರಂಥವರ ಬಗ್ಗೆ ಗ್ರಂಥಗಳಿವೆ. ಆದರೆ ಹಗಲು ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳಿ, ಒಂದೆರಡು ಸಂಕಲನ ಹೊರತಂದ ಕವಿಗಳು, ನಾಟಕಕಾರರು ಈ ಊರಿನಲ್ಲಿ ಆಗಿಹೋಗಿದ್ದಾರೆ. ಅವರ ಬದುಕಿಗೆ ಸಾಕ್ಷಿ ಎಲ್ಲಿದೆ? ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಹಳೆಯ ಮಾಸಪತ್ರಿಕೆಗಳ ಕಟ್ಟುಗಳಲ್ಲಿ ಇದೆ. 1926ರಲ್ಲಿ ಸ್ಥಾಪನೆಯಾದ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ಹಳೆಯ ಸಂಸ್ಥೆಗಳು, ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇಂಥ ಹುಡುಕಾಟಕ್ಕೆ ಹೋಗಬೇಕಾದ ಜಾಗಗಳು. ಉಳಿದ ಬಹುಪಾಲು ನಿಮ್ಮ ಮನೆಯ ಕಪಾಟಿನ ಮೇಲೆ ಧೂಳು ಹಿಡಿದು ಕುಳಿತಿದೆ. ಚಾಳು ಬಿಟ್ಟು ಹೊಸ ಕಟ್ಟಡಕ್ಕೆ ಹೋಗುವಾಗ, ಡೊಂಬಿವಲಿಗೋ ಮೀರಾ ರೋಡಿಗೋ ಸಾಮಾನು ಸಾಗಿಸುವಾಗ ಮೊದಲು ರದ್ದಿಯವನ ತಕ್ಕಡಿಗೆ ಬೀಳುವುದು ಅದೇ.

ವಿಕಿಪೀಡಿಯ ಅಜ್ಜನ ನೆನಪನ್ನು ಸಾಕ್ಷಿಯೆಂದು ಒಪ್ಪುವುದಿಲ್ಲ. 'ನಾನೇ ಆ ನಾಟಕ ನೋಡಿದ್ದೇನೆ' ಎಂದರೆ ಸಾಲದು, ಅಚ್ಚಾದ ಆಧಾರ ಬೇಕು. ಈ ನಿಯಮ ಕಠಿಣವೆನಿಸಬಹುದು. ಆದರೆ ಅದಿಲ್ಲದಿದ್ದರೆ ಯಾರು ಬೇಕಾದರೂ ಏನು ಬೇಕಾದರೂ ಬರೆಯುತ್ತಿದ್ದರು. ಹಾಗೆಂದು ನೆನಪು ವ್ಯರ್ಥವಲ್ಲ. ಹಿರಿಯರು ಹೇಳಿದ್ದನ್ನು ಬರೆದುಕೊಳ್ಳಿ, ಇಸವಿ ಹೆಸರುಗಳನ್ನು ಅವರಿಂದಲೇ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ, ಇಂಥ ಪತ್ರಿಕೆಗಳಿಗೆ ಕಳುಹಿಸಿ. ಸಂಪಾದಕರ ಕಣ್ಣಿನ ಕೆಳಗೆ ಹಾದು ಅಚ್ಚಾದ ಮೇಲೆ ಅದನ್ನು ಮುಂದಿನವರು ಆಧಾರವಾಗಿ ತೋರಿಸಬಹುದು. ಸನ್ಮಾನಿಸಿದ ಸಂಘವೇ ತಂದ ಸಂಚಿಕೆಗೆ ಸ್ವತಂತ್ರ ಪತ್ರಿಕೆಯಷ್ಟು ತೂಕವಿಲ್ಲ ನಿಜ. ಹುಟ್ಟಿದ ವರ್ಷ, ಓದಿದ ಶಾಲೆ, ಪುಸ್ತಕದ ಹೆಸರು ಇಂಥ ಸಾದಾ ಸಂಗತಿಗಳಿಗೆ ಅದು ಉಪಯೋಗಕ್ಕೆ ಬರುತ್ತದೆ.

ಈ ಭಾನುವಾರ ಮನೆಯ ಕಪಾಟು ತೆರೆಯಿರಿ. ಒಂದು ಸ್ಮರಣ ಸಂಚಿಕೆ ಸಿಕ್ಕೀತು. ಅದರಲ್ಲಿ ಮುಂಬಯಿಯ ಒಬ್ಬ ಲೇಖಕರ ಪರಿಚಯವಿದ್ದರೆ ಅವರ ಹೆಸರಿನ ಪುಟ ಇದೆಯೇ ನೋಡಿ. ಇದ್ದರೆ ಒಂದು ಸಾಲನ್ನು ತಾಳೆ ನೋಡಿ, ಸಂಚಿಕೆಯ ಹೆಸರು, ವರ್ಷ, ಪುಟಸಂಖ್ಯೆ ಸೇರಿಸಿ. ಪುಟವೇ ಇಲ್ಲದಿದ್ದರೆ ಸಂಚಿಕೆಯನ್ನು ಜೋಪಾನವಾಗಿಡಿ, ಇನ್ನೆರಡು ಆಧಾರ ಹುಡುಕಿ. ಅಷ್ಟು ಮಾಡುವವರೆಗೆ ಆ ಕಟ್ಟನ್ನು ರದ್ದಿಗೆ ಕೊಡಬೇಡಿರೆಂದು ತಾಯಿತಂದೆಯರಿಗೆ ಹೇಳಿಡಿ.