ನೀರೆತ್ತುವ ಪಂಪುಗಳೂ ವಿದ್ಯುತ್ತಿನ ಏರಿಳಿತವೂ

ಕೆರೆಯ ತೂಬನ್ನು ಎತ್ತಿದೊಡನೆ ಮೇಲಿನ ಗದ್ದೆಯವರೆಲ್ಲರೂ ಏಕಕಾಲದಲ್ಲಿ ಮಡೆ ತೆರೆದುಕೊಂಡರೆ ಕಾಲುವೆಯ ಕೊನೆಯ ಗದ್ದೆಗೆ ನೀರು ತಲಪುವುದಿಲ್ಲ. ಆದುದರಿಂದಲೇ ಹಿರಿಯರು ನೀರುಗಂಟಿಯನ್ನು ನೇಮಿಸಿ ಸರದಿಯನ್ನು ಗೊತ್ತುಮಾಡಿದ್ದರು. ವಿದ್ಯುತ್ತಿನ ತಂತಿಗೂ ಇದೇ ನ್ಯಾಯವು ಸಲ್ಲುತ್ತದೆ. ಪೈರು ಒಣಗುತ್ತಿರುವ ಕಾಲದಲ್ಲಿ ಮೋಟಾರು ಸುಟ್ಟು ರೈತನು ಕಂಗೆಡುವುದಕ್ಕೆ ಅನೇಕ ವೇಳೆ ವೋಲ್ಟೇಜಿನ ಇಳಿತವೇ ಕಾರಣವಾಗಿರುತ್ತದೆ.

ಮೂರು ಫೇಸಿನ ಪಂಪುಗಳಿಗೆ ವಾಡಿಕೆಯಾಗಿ ಗೊತ್ತಾದ ವೋಲ್ಟೇಜು 415. ಭಾರತದ 1956ರ ವಿದ್ಯುತ್ ನಿಯಮಗಳು ಇದಕ್ಕೆ ಶೇಕಡ 6ರಷ್ಟು ಹೆಚ್ಚು ಕಡಿಮೆಯನ್ನು ಮಾತ್ರ ಒಪ್ಪಿದ್ದವು. ಎಂದರೆ ಸುಮಾರು 390ರಿಂದ 440ರವರೆಗೆ. ವೋಲ್ಟೇಜು ಶೇಕಡ 20ರಷ್ಟು ಇಳಿದರೆ ಮೋಟಾರು ಹೊರಡುವಾಗಿನ ಬಲವು ನೂರಕ್ಕೆ 64ಕ್ಕೆ ಕುಗ್ಗುತ್ತದೆ. ಆಗ ಮೋಟಾರು ತಿರುಗದೆ ಗುಂಯ್‌ಗುಡುತ್ತದೆ. ತಿರುಗಿದರೂ ಅಷ್ಟೇ ನೀರನ್ನೆತ್ತಲು ಹೆಚ್ಚು ಕರೆಂಟನ್ನು ಎಳೆಯುತ್ತದೆ. ಕರೆಂಟು ಶೇಕಡ 20 ಹೆಚ್ಚಿದರೆ ಸುರುಳಿಯಲ್ಲಿ ಹುಟ್ಟುವ ಕಾವು ಶೇಕಡ 44 ಹೆಚ್ಚುತ್ತದೆ. ಈ ಕಾವಿನಿಂದಲೇ ಸುರುಳಿಯ ಹೊದಿಕೆಯು ಸುಡುತ್ತದೆ.

ಇಳಿತಕ್ಕೆ ಮುಖ್ಯ ಕಾರಣಗಳು ಎರಡು. ಟ್ರಾನ್ಸ್‌ಫಾರ್ಮರಿನಿಂದ ಪಂಪಿಗೆ ಹೋಗುವ ತಂತಿಯು ಬಹು ಉದ್ದವಾಗಿರುವುದು ಒಂದು. ಪಂಪುಗಳೆಲ್ಲವೂ ಒಮ್ಮೆಗೇ ಹೊರಡುವುದು ಇನ್ನೊಂದು. ನೇರವಾಗಿ ಹೊರಡಿಸಿದ ಮೋಟಾರು ಕ್ಷಣಕಾಲ ತನ್ನ ವಾಡಿಕೆಯ ಕರೆಂಟಿನ ಸುಮಾರು ಆರರಷ್ಟನ್ನು ಎಳೆಯುತ್ತದೆ. ನಿಂತ ವಿದ್ಯುತ್ತು ಮರಳಿದೊಡನೆ ತಾವಾಗಿಯೇ ಹೊರಡುವ ಸ್ಟಾರ್ಟರುಗಳು ಈ ಕೇಡನ್ನು ಹೆಚ್ಚಿಸುತ್ತವೆ.

ನಿವಾರಣೋಪಾಯಗಳು:

1. ಒಂದೇ ಟ್ರಾನ್ಸ್‌ಫಾರ್ಮರಿನ ಬಳಕೆದಾರರು ಸರದಿಯನ್ನು ಗೊತ್ತುಮಾಡಿಕೊಂಡು ಕೆಲವು ನಿಮಿಷಗಳ ಅಂತರದಲ್ಲಿ ಪಂಪುಗಳನ್ನು ಹೊರಡಿಸತಕ್ಕದ್ದು. ಇದಕ್ಕೆ ಖರ್ಚಿಲ್ಲ.

2. ಪ್ರತಿ ಮೋಟಾರಿಗೂ ತಕ್ಕ ಕೆಪಾಸಿಟರನ್ನು ಬಲ್ಲ ಕೆಲಸಗಾರನಿಂದ ಜೋಡಿಸತಕ್ಕದ್ದು. 5 ಕುದುರೆ ಶಕ್ತಿಯ ಮೋಟಾರಿಗೆ ಸಾಮಾನ್ಯವಾಗಿ 2 ಕಿಲೋವಾರ್ ಸಾಕು. ಇದರಿಂದ ತಂತಿಯ ಕರೆಂಟು ತಗ್ಗಿ, ಕೊನೆಯ ಪಂಪಿನ ವೋಲ್ಟೇಜು ಸುಧಾರಿಸುತ್ತದೆ.

3. ವೋಲ್ಟೇಜು ಮಿತಿ ಮೀರಿ ಇಳಿದಾಗಲೂ, ಒಂದು ಫೇಸು ತಪ್ಪಿದಾಗಲೂ ಮೋಟಾರನ್ನು ನಿಲ್ಲಿಸುವ ರಿಲೇಯನ್ನು ಇಡತಕ್ಕದ್ದು.

4. ದೂರದ ತೋಟಗಳ ಸಮೀಪಕ್ಕೆ 11,000 ವೋಲ್ಟಿನ ತಂತಿಯನ್ನೇ ತಂದು, ಅಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರನ್ನು ಇಡಬೇಕೆಂದು ವಿದ್ಯುತ್ ಕಚೇರಿಯನ್ನು ಕೇಳಿಕೊಳ್ಳಬಹುದು. ವೋಲ್ಟೇಜು ಹೆಚ್ಚಿದಷ್ಟೂ ಅದೇ ಶಕ್ತಿಯನ್ನು ಸಾಗಿಸಲು ಕಡಿಮೆ ಕರೆಂಟು ಸಾಕಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ತಲಪಿದುದು ಈ ತತ್ತ್ವದ ಬಲದಿಂದಲೇ.

ಏರಿಕೆಯೂ ಅಪಾಯಕರವೇ. ರಾತ್ರಿ ಪಂಪುಗಳು ನಿಂತಾಗ ತಂತಿಯಲ್ಲಿ ಹೊರೆ ಕಡಿಮೆಯಾಗಿ ವೋಲ್ಟೇಜು ಏರುತ್ತದೆ. ಆದುದರಿಂದ ಮೋಟಾರಿನೊಡನೆಯೇ ಕೆಪಾಸಿಟರೂ ತಂತಿಯಿಂದ ಬಿಟ್ಟುಹೋಗುವಂತೆ ಜೋಡಿಸಿರಬೇಕು. ನ್ಯೂಟ್ರಲ್ ತಂತಿ ಕಡಿದರೆ ಕೆಲವು ಮನೆಗಳಿಗೆ 240ಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜು ನುಗ್ಗಬಹುದು. ದೀಪಗಳು ಕೆಲವು ಮನೆಗಳಲ್ಲಿ ಅತಿಯಾಗಿ ಬೆಳಗಿ, ಕೆಲವೆಡೆ ಮಂಕಾದರೆ ಕೂಡಲೇ ಮೈನ್ ಸ್ವಿಚ್ಚನ್ನು ಆರಿಸಿ ಲೈನ್‌ಮನ್ನನಿಗೆ ತಿಳಿಸತಕ್ಕದ್ದು. ಟ್ರಾನ್ಸ್‌ಫಾರ್ಮರನ್ನು ಯಾರೂ ಮುಟ್ಟಕೂಡದು.

ಊರಿನ ಮುಖಂಡರು ತಂತಿಯ ಕೊನೆಯ ಪಂಪಿನ ಬಳಿ ವೋಲ್ಟ್‌ಮೀಟರನ್ನು ಇರಿಸಿ, ಹೊತ್ತನ್ನೂ ಅಂಕಿಯನ್ನೂ ಒಂದು ಪುಸ್ತಕದಲ್ಲಿ ಬರೆಯಿಸಿದರೆ ಉತ್ತಮ. ಬರಿಯ ದೂರಿಗಿಂತ ಅಂಕಿಗಳಿರುವ ಅರ್ಜಿಗೆ ತೂಕವು ಹೆಚ್ಚು. ಮೇಲಿನ ತೋಟದವರು ಸ್ವಲ್ಪ ಕಾದರೆ ಕೊನೆಯ ತೋಟದ ಪೈರು ಉಳಿಯುತ್ತದೆ. ಕೆರೆಯ ನೀರಿನಲ್ಲಿ ಕಲಿತ ಈ ಸರದಿಯನ್ನು ತಂತಿಯ ವಿಷಯದಲ್ಲಿಯೂ ನಡೆಸತಕ್ಕದ್ದು.