ಗಬ್ಬೂರಿನ ಕಟ್ಟೆಯೂ ಆಯ್ಕೆ ಸಮಿತಿಯೂ

ರಾಯಚೂರಿನಿಂದ ದೇವದುರ್ಗದ ಕಡೆಗೆ ಹೊರಟರೆ ಸಿಗುವ ಗಬ್ಬೂರು, ಹಳೆಯ ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಊರು. ಒಗ್ಗರಣಿ, ಮಿರ್ಚಿಯ ಹೋಟೆಲಿನ ಮುಂದೆ ಬೆಳಗಿನ ಪತ್ರಿಕೆ ಕೈಯಿಂದ ಕೈಗೆ ಸಾಗುವ ಹೊತ್ತಿನಲ್ಲಿ ಇಲ್ಲಿಯೂ ನಾಡಿನ ಉಳಿದ ಊರುಗಳಂತೆ ಒಂದು ಆಯ್ಕೆ ಸಮಿತಿ ಸೇರುತ್ತದೆ. ಇದಕ್ಕೆ ಸಂಬಳವಿಲ್ಲ, ಅಧ್ಯಕ್ಷರಿಲ್ಲ, ಅವಧಿಯೂ ಇಲ್ಲ. ಹತ್ತಿಯ ದರ, ಕಾಲುವೆಯ ನೀರಿನ ಮಾತು ಮುಗಿದ ಮೇಲೆ ಪ್ರಶ್ನೆ ಏಳುತ್ತದೆ: ‘ಮುನ್ನೂರು ಹೊಡದಾವನ್ನ ಯಾಕ ತಗದ್ರು?’

ಪ್ರಶ್ನೆ ಕರುಣ್ ನಾಯರ್ ಕುರಿತದ್ದು. 2016ರ ಡಿಸೆಂಬರಿನಲ್ಲಿ ಚೆನ್ನೈನ ಚೆಪಾಕಿನಲ್ಲಿ ಇಂಗ್ಲೆಂಡ್ ವಿರುದ್ಧ ಅವರು ಔಟಾಗದೆ 303 ರನ್ ಗಳಿಸಿದರು. ಅದು ಅವರ ಮೂರನೆಯ ಟೆಸ್ಟ್ ಇನಿಂಗ್ಸ್. ಮೊದಲ ಶತಕವನ್ನೇ ತ್ರಿಶತಕವಾಗಿ ಬೆಳೆಸಿದವರು ಅದಕ್ಕೆ ಮೊದಲು ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್ ಇಬ್ಬರೇ. ಅದೇ ಇನಿಂಗ್ಸಿನಲ್ಲಿ ಕೆ.ಎಲ್. ರಾಹುಲ್ 199ಕ್ಕೆ ಔಟಾದರು. ಕರ್ನಾಟಕದ ಅಭಿಮಾನಿಗಳಿಗೆ ಅದೊಂದು ಹಬ್ಬ. ಆದರೆ ಮುಂದಿನ ಟೆಸ್ಟಿಗೆ, 2017ರ ಫೆಬ್ರುವರಿಯಲ್ಲಿ ಹೈದರಾಬಾದಿಗೆ ಬಾಂಗ್ಲಾದೇಶ ಬಂದಾಗ, ಗಾಯದಿಂದ ಚೇತರಿಸಿಕೊಂಡಿದ್ದ ಅಜಿಂಕ್ಯ ರಹಾನೆಗೆ ಜಾಗ ಬಿಟ್ಟು ನಾಯರ್ ಹೊರಗೆ ಕುಳಿತರು. ಬಳಿಕ ಆಸ್ಟ್ರೇಲಿಯಾ ವಿರುದ್ಧ ಮೂರು ಟೆಸ್ಟ್, ನಾಲ್ಕು ಇನಿಂಗ್ಸ್: 26, 0, 23, 5. ಅಷ್ಟಕ್ಕೆ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು 2025ರ ಜೂನ್‌ನಲ್ಲಿ, ಎಂಟು ವರ್ಷಗಳ ನಂತರ.

ನಾಲ್ಕು ಇನಿಂಗ್ಸ್ ಒಬ್ಬ ಬ್ಯಾಟ್ಸ್‌ಮನ್ ಬಗ್ಗೆ ಏನು ಹೇಳಬಲ್ಲವು? ಪತ್ರಿಕೆಗಳು ‘ಲಯ’ ಎನ್ನುವ, ಕಟ್ಟೆಯ ಮೇಲೆ ‘ಫಾರ್ಮು’ ಎನಿಸಿಕೊಳ್ಳುವ ವಸ್ತುವನ್ನು ಲೆಕ್ಕದಲ್ಲಿ ಹಿಡಿಯುವುದು ಕಷ್ಟ. ರಾಹುಲ್ ದ್ರಾವಿಡ್ ಅವರನ್ನೇ ತೆಗೆದುಕೊಳ್ಳಿ. 164 ಟೆಸ್ಟ್‌ಗಳ 286 ಇನಿಂಗ್ಸ್‌ಗಳಲ್ಲಿ 13,288 ರನ್, 36 ಶತಕ, 63 ಅರ್ಧಶತಕ. ಅಂದರೆ ಐವತ್ತನ್ನು ಮುಟ್ಟಿದ್ದು 99 ಸಲ. ಉಳಿದ 187 ಸಲ ‘ಗೋಡೆ’ ಐವತ್ತಕ್ಕೆ ಮುಂಚೆಯೇ ನಿಂತಿತು. ಮೂರು ಇನಿಂಗ್ಸಿಗೆ ಸುಮಾರು ಎರಡು ಹೀಗೆ. ಇದೇ ಪ್ರಮಾಣವನ್ನು ಹಿಡಿದು ಬರೀ ಅದೃಷ್ಟದ ಆಟವೆಂದು ಲೆಕ್ಕ ಹಾಕಿದರೂ, ಯಾವುದೇ ನಾಲ್ಕು ಸತತ ಇನಿಂಗ್ಸ್‌ಗಳಲ್ಲಿ ಒಂದೂ ಅರ್ಧಶತಕ ಬಾರದೆ ಇರುವ ಸಂಭವ ಐದಾರಕ್ಕೆ ಒಂದು. ಕೈಯಲ್ಲಿ ಯಾವ ದೋಷವೂ ಇಲ್ಲದ ಆಟಗಾರನೂ ಇಂಥ ಬರಗಾಲವನ್ನು ಆಗಾಗ ದಾಟಲೇಬೇಕು. ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾದರು, ಎರಡನೆಯದರಲ್ಲಿ 137 ಹೊಡೆದರು. ಅದೇ ಮೈದಾನ, ಅದೇ ಎದುರಾಳಿ, ನಡುವೆ ಕೆಲವು ದಿನ.

ಸರಾಸರಿಯೂ ಪೂರ್ತಿ ಸತ್ಯ ಹೇಳುವುದಿಲ್ಲ. ವಿಶ್ವನಾಥ್ ಅವರದು 41.93, ಗಾವಸ್ಕರ್‌ಗಿಂತ ಒಂಬತ್ತರಷ್ಟು ಕಡಿಮೆ. ಆದರೆ ಅವರು ಶತಕ ಬಾರಿಸಿದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸ್ ಎದುರು, ತಂಡದ ಮೊತ್ತ 190 ಆದಾಗ ಅವರೊಬ್ಬರದೇ ಔಟಾಗದೆ 97. ಶತಕಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ; ಹಳಬರ ಬಾಯಲ್ಲಿ ಮಾತ್ರ ಅದು ಮೊದಲು ಬರುತ್ತದೆ. ಕಟ್ಟೆಯ ಸಮಿತಿ ಈ ವಿಷಯದಲ್ಲಿ ಅಂಕಿಸಂಖ್ಯೆಯವರಿಗಿಂತ ಜಾಣ ಎನ್ನಬೇಕು.

ನಿಜವಾದ ಸಮಿತಿಯ ಕಥೆಯೂ ಸರಳವಲ್ಲ. ಬಹುಕಾಲ ಅದರಲ್ಲಿ ಐದು ವಲಯಗಳಿಂದ ಒಬ್ಬೊಬ್ಬರಂತೆ ಐವರು ಇರುತ್ತಿದ್ದರು. ಆಟಗಾರನೊಬ್ಬ ಕೈಬಿಟ್ಟು ಹೋದಾಗ ‘ನಮ್ಮ ವಲಯದವ ಬಾಯಿ ಬಿಡಲಿಲ್ಲ’ ಎಂಬ ಆಪಾದನೆ ಹುಟ್ಟುತ್ತಿದ್ದುದು ಇದರಿಂದಲೇ. 2016ರಲ್ಲಿ ಸುಪ್ರೀಂ ಕೋರ್ಟ್ ಲೋಧಾ ಸಮಿತಿಯ ಶಿಫಾರಸುಗಳನ್ನು ಒಪ್ಪಿದ ಮೇಲೆ ಸಂಖ್ಯೆ ಮೂರಕ್ಕೆ ಇಳಿಯಿತು. ಮುಂದೆ ಮತ್ತೆ ಐದಾಯಿತು. ಕನ್ನಡಿಗರಿಗೆ ಆ ಕೋಣೆಯಲ್ಲಿ ಜಾಗವೇ ಇರಲಿಲ್ಲ ಎನ್ನುವಂತಿಲ್ಲ. 1996ರಲ್ಲಿ ದ್ರಾವಿಡ್ ಮತ್ತು ಗಂಗೂಲಿಯನ್ನು ಇಂಗ್ಲೆಂಡಿಗೆ ಕಳಿಸಿದ ಸಮಿತಿಗೆ ವಿಶ್ವನಾಥರೇ ಅಧ್ಯಕ್ಷರು. 2020ರಲ್ಲಿ ಕೆಲವು ತಿಂಗಳು ಆ ಕುರ್ಚಿಯಲ್ಲಿ ಕುಳಿತವರು ಗದುಗಿನ ಸುನಿಲ್ ಜೋಶಿ.

ಆದರೆ ರಾಯಚೂರು ಸೀಮೆಯ ನೋವು ಬೇರೆಯದು. ಅದರ ಹೆಸರು ಯರೇಗೌಡ. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿದ ಈ ಬ್ಯಾಟ್ಸ್‌ಮನ್ ಕರ್ನಾಟಕದಿಂದ ರೈಲ್ವೆಗೆ ಹೋದರು. 2001-02ರಲ್ಲಿ ರೈಲ್ವೆ ಮೊದಲ ಸಲ ರಣಜಿ ಟ್ರೋಫಿ ಗೆದ್ದಾಗಲೂ 2004-05ರಲ್ಲಿ ಮತ್ತೆ ಗೆದ್ದಾಗಲೂ ಅದರ ಮಧ್ಯಮ ಕ್ರಮಾಂಕದ ಆಧಾರ ಅವರು. ಮುಂದೆ ಕರ್ನಾಟಕಕ್ಕೆ ಮರಳಿ ನಾಯಕರೂ ಆದರು. ಪ್ರಥಮ ದರ್ಜೆಯಲ್ಲಿ 7,000ಕ್ಕೂ ಹೆಚ್ಚು ರನ್, ಸರಾಸರಿ 45ರ ಆಸುಪಾಸು. ಒಂದೇ ಒಂದು ಟೆಸ್ಟ್ ಆಡಲಿಲ್ಲ.

ಅನ್ಯಾಯವೆಂದು ಕೂಗುವುದು ಸುಲಭ. ಆದರೆ ಹುಟ್ಟಿದ ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು: ಗಂಗೂಲಿ 1972, ದ್ರಾವಿಡ್ ಮತ್ತು ತೆಂಡೂಲ್ಕರ್ 1973, ಲಕ್ಷ್ಮಣ್ 1974. ಮೂರರಿಂದ ಆರನೆಯ ಕ್ರಮಾಂಕದವರೆಗೆ ಹತ್ತಾರು ವರ್ಷ ಬೀಗ ಜಡಿದ ಮನೆ ಅದು. ಮುಂಬೈಯ ಅಮೋಲ್ ಮಜುಂದಾರ್ 11,000ಕ್ಕೂ ಹೆಚ್ಚು ರನ್ ಗಳಿಸಿ ಅದೇ ಬಾಗಿಲ ಹೊರಗೆ ಉಳಿದರು. 2025ರಲ್ಲಿ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡಕ್ಕೆ ಕೋಚ್ ಆಗಿ ಅವರ ಹೆಸರು ಮತ್ತೆ ಕೇಳಿಬಂತು. ಆಯ್ಕೆ ಎಂದರೆ ಯೋಗ್ಯನೇ ಎಂಬ ಪ್ರಶ್ನೆಯಷ್ಟೇ ಅಲ್ಲ, ಯಾರ ಬದಲಿಗೆ ಎಂಬ ಪ್ರಶ್ನೆ. ಕಟ್ಟೆಯ ಸಮಿತಿ ಮರೆಯುವುದು ಹೆಚ್ಚಾಗಿ ಈ ಎರಡನೆಯದನ್ನು. ಹನ್ನೊಂದರ ಪಟ್ಟಿಗೆ ಹದಿಮೂರು ಹೆಸರು ಬರೆದು ಯಾರನ್ನೂ ಬಿಡದೆ ಎದ್ದು ಹೋಗುವ ಸ್ವಾತಂತ್ರ್ಯ ಅದಕ್ಕಿದೆ.

ನಾಯರ್ ಕಥೆಗೆ ಇದೇ ತಿರುವು ಬಂತು. ಕರ್ನಾಟಕದಲ್ಲಿ ಸ್ಥಾನ ತಪ್ಪಿ 2023ರಲ್ಲಿ ವಿದರ್ಭಕ್ಕೆ ಹೋದ ಅವರು 2024-25ರ ರಣಜಿಯಲ್ಲಿ 863 ರನ್ ಗಳಿಸಿದರು, ಫೈನಲಿನಲ್ಲಿ ಶತಕ ಹೊಡೆದರು, ಟ್ರೋಫಿ ಗೆದ್ದರು. ಅದೇ ಋತುವಿನ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಐದು ಶತಕಗಳೊಂದಿಗೆ 779 ರನ್. ಫೈನಲಿನಲ್ಲಿ ಮಾತ್ರ ಅವರ ವಿದರ್ಭ ಸೋತದ್ದು ಕರ್ನಾಟಕಕ್ಕೇ. ಆ ದಿನ ಯಾರ ಪರ ನಿಲ್ಲಬೇಕೆಂದು ತಿಳಿಯದೆ ತೊಳಲಿದವರು ಕಡಿಮೆಯಿಲ್ಲ. ಇಂಗ್ಲೆಂಡ್ ಪ್ರವಾಸದಲ್ಲಿ ಈ ಸಲ ಎಂಟು ಇನಿಂಗ್ಸ್ ಸಿಕ್ಕವು: 205 ರನ್, ಓವಲಿನಲ್ಲಿ ಒಂದು 57. ಹೆಚ್ಚು ಸಲ ಇಪ್ಪತ್ತು ದಾಟಿ ನಿಂತು, ಇನ್ನೇನು ಬೇರು ಬಿಟ್ಟರು ಎನ್ನುವಾಗ ಔಟಾದರು. ಅಕ್ಟೋಬರಿನ ವೆಸ್ಟ್ ಇಂಡೀಸ್ ಎದುರಿನ ಸರಣಿಗೆ ಸೆಪ್ಟೆಂಬರಿನಲ್ಲಿ ತಂಡ ಪ್ರಕಟವಾದಾಗ ಹೆಸರು ಇರಲಿಲ್ಲ.

ಪಟ್ಟಿಯಲ್ಲಿದ್ದ ಹೊಸ ಹೆಸರು ದೇವದತ್ತ ಪಡಿಕ್ಕಲ್; ಅವರೂ ಕರ್ನಾಟಕದವರೇ. ವಲಯದ ಮಾತು, ಬೆಂಗಳೂರಿನ ಮಾತು, ಮುಂಬೈಯ ಮಾತು ಯಾವುದೂ ಇಲ್ಲಿ ನೆರವಿಗೆ ಬರುವಂತಿರಲಿಲ್ಲ.