ಕರ್ನಾಟಕದಲ್ಲಿ ಹಾಲು ಮತ್ತು ಈಜುಕೊಳಗಳ ಆರೋಗ್ಯ ಮೇಲ್ವಿಚಾರಣೆ

ಹಾಲು ಮತ್ತು ಈಜುಕೊಳಗಳ ಆರೋಗ್ಯ ಮೇಲ್ವಿಚಾರಣೆ ಎಂದರೆ ಆಹಾರ ಹಾಗೂ ನೀರಿನ ಮೂಲಕ ಹರಡುವ ರೋಗಗಳನ್ನು ತಡೆಯಲು ನಡೆಸುವ ತಪಾಸಣೆ. ಭಾರತದ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯವು ರಾಜ್ಯಪಟ್ಟಿಗೂ ಆಹಾರ ಕಲಬೆರಕೆಯು ಸಮವರ್ತಿ ಪಟ್ಟಿಗೂ ಸೇರಿವೆ. ಹಾಲಿಗೆ ದೇಶವ್ಯಾಪಿ ಕಾಯ್ದೆಯಿದ್ದು, ಈಜುಕೊಳದ ನೀರಿಗೆ ಅಂತಹ ಪ್ರತ್ಯೇಕ ಕೇಂದ್ರ ಕಾಯ್ದೆಯಿಲ್ಲ.

ಹಾಲು

1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಸ್ಥಾನದಲ್ಲಿ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಈಗ ಜಾರಿಯಲ್ಲಿದೆ. ಇದರನ್ವಯ ಹಸುವಿನ ಹಾಲಿನಲ್ಲಿ ಕನಿಷ್ಠ ಶೇ. 3.2 ಜಿಡ್ಡು ಮತ್ತು ಶೇ. 8.3 ಜಿಡ್ಡೇತರ ಘನಾಂಶ ಇರಬೇಕು. ನೀರು ಬೆರೆಸಿದರೆ ಹಾಲಿನ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದಾಗ ಲ್ಯಾಕ್ಟೋಮೀಟರ್ ಒಂದರಿಂದಲೇ ಮೋಸವನ್ನು ಪತ್ತೆಹಚ್ಚಲಾಗದು. ಆದ್ದರಿಂದ ಜಿಡ್ಡನ್ನೂ ಅಳೆಯಲಾಗುತ್ತದೆ.

ಆಹಾರ ಸುರಕ್ಷತಾ ಅಧಿಕಾರಿಯು ಸಂಗ್ರಹಿಸಿದ ಮಾದರಿಯನ್ನು ನಾಲ್ಕು ಭಾಗ ಮಾಡಿ, ಒಂದನ್ನು ಆಹಾರ ವಿಶ್ಲೇಷಕರಿಗೆ ಕಳುಹಿಸುತ್ತಾರೆ. ವಿಶ್ಲೇಷಕರು 14 ದಿನಗಳಲ್ಲಿ ವರದಿ ನೀಡಬೇಕು. ವರದಿಯನ್ನು ಒಪ್ಪದ ಮಾರಾಟಗಾರರು ಅಂಕಿತಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ತಮ್ಮ ಹಾಲನ್ನೆಲ್ಲ ಸಹಕಾರ ಸಂಘಕ್ಕೇ ನೀಡುವ ಸದಸ್ಯ ಉತ್ಪಾದಕರಿಗೆ ನೋಂದಣಿಯಿಂದ ವಿನಾಯಿತಿ ಇದೆ.

ಸಂಘಗಳ ಹಾಲು ಡೈರಿಯಲ್ಲಿ ಪಾಶ್ಚೀಕರಣಗೊಳ್ಳುತ್ತದೆ: 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು. ಇದರಿಂದ ಕ್ಷಯ ಮತ್ತು ಬ್ರುಸೆಲ್ಲೋಸಿಸ್ ರೋಗಾಣುಗಳು ನಾಶವಾಗುತ್ತವೆ. ಕುಮಟಾ ತಾಲ್ಲೂಕಿನ ಧಾರೇಶ್ವರದಂತಹ ಗ್ರಾಮಗಳಲ್ಲಿ ಹೈನುಗಾರರಿಂದ ನೇರವಾಗಿ ಕೊಳ್ಳುವ ಹಾಲು ಈ ಹಂತವನ್ನು ದಾಟಿರುವುದಿಲ್ಲ. ಅಲ್ಲಿ ಮನೆಯಲ್ಲಿ ಚೆನ್ನಾಗಿ ಕಾಯಿಸುವುದೇ ಮುಖ್ಯ ರಕ್ಷಣೆ.

ಈಜುಕೊಳಗಳು

ಈಜುಕೊಳದ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 3328 ಎಂಬ ಮಾನಕವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯು ಕ್ಲೋರಿನ್ ಬಳಸುವ ಕೊಳಗಳಲ್ಲಿ ಪಿಎಚ್ ಮೌಲ್ಯ 7.2ರಿಂದ 7.8ರ ನಡುವೆ ಇರಬೇಕೆನ್ನುತ್ತದೆ. ಪಿಎಚ್ ಹೆಚ್ಚಾದರೆ ಕ್ಲೋರಿನ್‌ನ ರೋಗಾಣುನಾಶಕ ಶಕ್ತಿ ಕುಗ್ಗುತ್ತದೆ. ಭೇದಿ ತರುವ ಕ್ರಿಪ್ಟೋಸ್ಪೋರಿಡಿಯಂ ಕ್ಲೋರಿನ್‌ಗೆ ಸುಲಭವಾಗಿ ಬಗ್ಗದ ಕಾರಣ ಶೋಧನೆಯೂ ಅಗತ್ಯ. ಭೇದಿಯಿರುವವರು ಕೊಳಕ್ಕೆ ಇಳಿಯಬಾರದು.

ಬೆಚ್ಚಗಿನ ಸಿಹಿನೀರಿನಲ್ಲಿರುವ ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೂಗಿನ ಮೂಲಕ ಮಿದುಳನ್ನು ಸೇರಿ ಬಹುತೇಕ ಪ್ರಕರಣಗಳಲ್ಲಿ ಸಾವಿಗೆ ಕಾರಣವಾಗುತ್ತದೆ. ನೆರೆಯ ಕೇರಳದಲ್ಲಿ 2024ರಲ್ಲಿ ಅಮೀಬಾ ಸೋಂಕಿನಿಂದ ಮಕ್ಕಳು ಮೃತಪಟ್ಟರು. ಸಮರ್ಪಕ ಕ್ಲೋರಿನೀಕರಣದಿಂದ ಈ ಅಮೀಬಾ ನಾಶವಾಗುತ್ತದೆ. ಆದರೆ ಕೆರೆ, ಕಲ್ಯಾಣಿಗಳಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರುವುದಿಲ್ಲ. ಅಂತಹ ನೀರಿನಲ್ಲಿ ಈಜುವಾಗ ಮೂಗಿಗೆ ನೀರು ನುಗ್ಗದಂತೆ ಎಚ್ಚರ ವಹಿಸಬೇಕು.

ಸ್ಥಳೀಯ ಹೊಣೆ

ಪಟ್ಟಣಗಳಲ್ಲಿ ನೈರ್ಮಲ್ಯದ ಹೊಣೆ ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಪ್ರಕಾರ ಸ್ಥಳೀಯ ಸಂಸ್ಥೆಗಳದ್ದು. ಗ್ರಾಮಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಗಳದ್ದು. ಹಾಲಿನ ಮಾದರಿ ಸಂಗ್ರಹಿಸುವ ಅಧಿಕಾರ ಮಾತ್ರ ಆಹಾರ ಸುರಕ್ಷತಾ ಅಧಿಕಾರಿಗಳದ್ದಾಗಿದೆ.